ಟಾರ್ಚೋ, ಎಲ್‌ಇಡಿ ಕೋಲೋ, ಸ್ಟೀಲ್ ವೂಲೋ? ಲೈಟ್ ಪೇಂಟಿಂಗ್‌ಗೆ ಬೆಳಕಿನ ಆಯ್ಕೆ

ಕತ್ತಲಲ್ಲಿ ಕ್ಯಾಮೆರಾದ ಶಟರ್ ಬಹಳ ಹೊತ್ತು ತೆರೆದಿಟ್ಟು ದೀಪದಿಂದ ಚಿತ್ರ ಬರೆಯುವುದೇ ಲೈಟ್ ಪೇಂಟಿಂಗ್. ಇದನ್ನು ಶುರು ಮಾಡುವವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಎಷ್ಟು ಸೆಕೆಂಡ್ ಎಕ್ಸ್‌ಪೋಶರ್ ಕೊಡಬೇಕು’ ಅಂತ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದ್ದು ಬೇರೆ ಇದೆ. ದೀಪ ಕ್ಯಾಮೆರಾಗೆ ಕಾಣಬೇಕೋ, ಬೇಡವೋ? ಟಾರ್ಚನ್ನು ಲೆನ್ಸ್ ಕಡೆ ತಿರುಗಿಸಿ ಗಾಳಿಯಲ್ಲಿ ಆಡಿಸಿದರೆ ಚಿತ್ರದಲ್ಲಿ ಗೆರೆ ಮೂಡುತ್ತದೆ. ಅದೇ ಟಾರ್ಚನ್ನು ಮರೆಯಲ್ಲಿ ಹಿಡಿದು ಬಂಡೆಗೋ ಮರಕ್ಕೋ ಬೆಳಕು ಸವರಿದರೆ ದೀಪ ಕಾಣುವುದಿಲ್ಲ, ಬಂಡೆ ಮಾತ್ರ ಕತ್ತಲಿನಿಂದ ಎದ್ದು ಬರುತ್ತದೆ. ಈ ಎರಡು ಕೆಲಸಗಳ ಲೆಕ್ಕ ಬೇರೆ, ಸಾಮಾನು ಬೇರೆ, ಕೆಡುವ ರೀತಿಯೂ ಬೇರೆ. ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಹೊರಡುತ್ತದೆ.

ಸಾಮಾನು ದುಬಾರಿಯಾಗಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಮಾತ್ರ ಬೇಡ. 1949ರಲ್ಲಿ ಛಾಯಾಗ್ರಾಹಕ ಗ್ಯೋನ್ ಮಿಲಿ ದಕ್ಷಿಣ ಫ್ರಾನ್ಸ್‌ನಲ್ಲಿ ಪಿಕಾಸೊನನ್ನು ಕತ್ತಲೆ ಕೋಣೆಯಲ್ಲಿ ನಿಲ್ಲಿಸಿ ತೆಗೆದ ಪ್ರಸಿದ್ಧ ಚಿತ್ರಗಳಲ್ಲಿ ಕಲಾವಿದನ ಕೈಯಲ್ಲಿದ್ದದ್ದು ಒಂದು ಪುಟ್ಟ ವಿದ್ಯುತ್ ದೀಪ, ಅಷ್ಟೇ.

ಹೊಳಪಿನ ಲೆಕ್ಕ

ಗಾಳಿಯಲ್ಲಿ ಗೆರೆ ಎಳೆಯುವಾಗ ಬೆಳಕು, ಅದನ್ನು ಗ್ರಹಿಸುವ ಕ್ಯಾಮೆರಾದ ಸೆನ್ಸರ್‌ನ ಒಂದೊಂದು ಬಿಂದುವನ್ನೂ ಕ್ಷಣಮಾತ್ರ ಹಾದುಹೋಗುತ್ತದೆ. ಶಟರ್ 10 ಸೆಕೆಂಡ್ ತೆರೆದಿರಲಿ, 2 ನಿಮಿಷ ತೆರೆದಿರಲಿ, ಆ ಗೆರೆಯ ಹೊಳಪು ಬದಲಾಗುವುದಿಲ್ಲ. ಅದನ್ನು ನಿರ್ಧರಿಸುವುದು ದೀಪದ ತೀವ್ರತೆ, ಕೈ ಓಡುವ ವೇಗ, ಅಪರ್ಚರ್ (ಲೆನ್ಸಿನ ಬಾಯಿ; ಎಫ್ ಅಂಕಿ ದೊಡ್ಡದಾದಷ್ಟೂ ಕಿರಿದು) ಮತ್ತು ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂಬುದರ ಅಂಕಿಯಾದ ಐಎಸ್‌ಒ. ಶಟರ್ ಸಮಯದ ಹಿಡಿತ ಇರುವುದು ಹಿನ್ನೆಲೆಯ ಮೇಲೆ: ಆಕಾಶ, ದೂರದ ಬೀದಿದೀಪ, ಬೆಳದಿಂಗಳು.

ಹೀಗಾಗಿ ಗೆರೆ ಓವರ್ ಆಗಿ ಬೆಳ್ಳಗಾದರೆ ಶಟರ್ ಮುಟ್ಟಬೇಡಿ, ಅಪರ್ಚರ್ ಕಿರಿದು ಮಾಡಿ ಅಥವಾ ಕೈ ಬೇಗ ಓಡಿಸಿ. ಗೆರೆ ಸರಿಯಾಗಿದ್ದು ಆಕಾಶ ಮಾತ್ರ ಹಗಲಿನಂತಾದರೆ ಶಟರ್ ಸಮಯ ಇಳಿಸಿ. ಇದಿಷ್ಟು ಗೊತ್ತಿದ್ದರೆ ಅರ್ಧ ಪ್ರಯೋಗಗಳ ಗೋಜೇ ಇರುವುದಿಲ್ಲ.

ಶುರು ಮಾಡಲು ಕೆಲವು ಅಂಕಿಗಳು. ಬೆಂಗಳೂರಿನಂಥ ಊರಿನ ತಾರಸಿಯಲ್ಲಿ ಐಎಸ್‌ಒ 100, ಎಫ್8, 30 ಸೆಕೆಂಡ್. ಹುಣ್ಣಿಮೆಯ ರಾತ್ರಿ ಬಯಲಿನಲ್ಲಿ ಐಎಸ್‌ಒ 100, ಎಫ್4ಕ್ಕೆ 1ರಿಂದ 2 ನಿಮಿಷ ಕೊಟ್ಟರೆ ನೆಲವೆಲ್ಲ ಹಗಲಿನ ಹಾಗೆ ಕಾಣುತ್ತದೆ. ಲೈಟ್ ಪೇಂಟಿಂಗ್‌ಗೆ ಅಷ್ಟು ಬೇಡ, ಅದೇ ಸಮಯಕ್ಕೆ ಎಫ್8 ಇಟ್ಟರೆ ಹಿನ್ನೆಲೆ ಎರಡು ಸ್ಟಾಪ್ (ಅಂದರೆ ನಾಲ್ಕನೇ ಒಂದು ಭಾಗಕ್ಕೆ) ತಗ್ಗಿ ನೀಲಿಗಪ್ಪಾಗಿ ನಿಲ್ಲುತ್ತದೆ. ಅಮಾವಾಸ್ಯೆಯ ಆಸುಪಾಸು, ಊರಿನಿಂದ ದೂರವಿದ್ದರೆ, ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದೇ ಇರುವ ಬಲ್ಬ್ ಮೋಡ್‌ನಲ್ಲಿ ಕೆಲಸ ಮುಗಿಯುವವರೆಗೆ ಶಟರ್ ತೆರೆದಿಡಬಹುದು.

ಪ್ರತಿ ಸಲ ಎರಡು ನಿಮಿಷ ಕಾದು ಹಿನ್ನೆಲೆ ಪರೀಕ್ಷಿಸುವುದು ವ್ಯರ್ಥ. ಐಎಸ್‌ಒ 6400ರಲ್ಲಿ 2 ಸೆಕೆಂಡಿನ ಒಂದು ಪರೀಕ್ಷಾ ಚಿತ್ರ ತೆಗೆಯಿರಿ. ಐಎಸ್‌ಒ 100ರಲ್ಲಿ ಅದೇ ಬೆಳಕು ಬರಲು 64 ಪಟ್ಟು ಸಮಯ, ಅಂದರೆ 128 ಸೆಕೆಂಡ್ ಬೇಕು. ಚೌಕಟ್ಟು, ಫೋಕಸ್ಸು, ಹಿನ್ನೆಲೆಯ ಹೊಳಪು ಮೂರೂ ಎರಡೇ ಸೆಕೆಂಡಿನಲ್ಲಿ ಗೊತ್ತಾಗುತ್ತವೆ.

ಟಾರ್ಚು: ಮೊದಲು ಕೊಳ್ಳಬೇಕಾದ್ದು ಇದೇ

ಎರಡೂ ಕೆಲಸಕ್ಕೆ ಒದಗುವುದು ಟಾರ್ಚು ಮಾತ್ರ. 200ರಿಂದ 300 ಲೂಮೆನ್ (ಬೆಳಕಿನ ಪ್ರಮಾಣದ ಅಳತೆ) ಧಾರಾಳ ಸಾಕು. ಸಾವಿರ ಲೂಮೆನ್ ಟಾರ್ಚು ಗುಡ್ಡ ಬೆಳಗಲು ಸರಿ, ಆದರೆ ಆರು ಅಡಿಯ ಬಂಡೆಗೆ ಹಿಡಿದರೆ ಒಂದೇ ಸೆಕೆಂಡಿನಲ್ಲಿ ಓವರ್ ಆಗುತ್ತದೆ, ಕೈಗೆ ಸವರಲು ಸಮಯವೇ ಸಿಗುವುದಿಲ್ಲ.

ಕೊಳ್ಳುವಾಗ ಲೂಮೆನ್‌ಗಿಂತ ಮುಖ್ಯವಾಗಿ ನೋಡಬೇಕಾದ್ದು ಸ್ವಿಚ್ಚು. ಅಂಗಡಿಯಲ್ಲಿ ಸಿಗುವ ಅಗ್ಗದ ಎಲ್‌ಇಡಿ ಟಾರ್ಚುಗಳಲ್ಲಿ ಒಂದು ಸಲ ಒತ್ತಿದರೆ ಹೈ, ಮತ್ತೊಮ್ಮೆ ಒತ್ತಿದರೆ ಲೋ, ಇನ್ನೊಮ್ಮೆ ಒತ್ತಿದರೆ ಮಿಣಮಿಣ ಸ್ಟ್ರೋಬ್. ಶಟರ್ ತೆರೆದಿರುವಾಗ ದೀಪ ಆರಿಸಿ ಹೊತ್ತಿಸಿ ಮಾಡುವ ಕೆಲಸಕ್ಕೆ ಇದು ದೊಡ್ಡ ತಲೆನೋವು. ಬರೀ ಆನ್-ಆಫ್ ಇರುವ ಟಾರ್ಚು ಹುಡುಕಿ. ಸಿಗದಿದ್ದರೆ ಆರಿಸುವ ಬದಲು ಅಂಗೈಯಿಂದಲೋ ಕಪ್ಪು ಬಟ್ಟೆಯಿಂದಲೋ ಮುಚ್ಚಿ ತೆರೆಯಿರಿ. ಲೋ ಮೋಡ್‌ನಲ್ಲಿ ಇನ್ನೊಂದು ಕಿತಾಪತಿ ಇದೆ. ಅನೇಕ ಟಾರ್ಚುಗಳು ಬೆಳಕು ತಗ್ಗಿಸಲು ಎಲ್‌ಇಡಿಯನ್ನು ಅತಿ ವೇಗವಾಗಿ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ಕಾಣದಿದ್ದರೂ ಕೈ ಬೀಸಿದಾಗ ಗೆರೆಯ ಬದಲು ಚುಕ್ಕಿಗಳ ಸಾಲು ಮೂಡುತ್ತದೆ. ಬೆಳಕು ಕಡಿಮೆ ಬೇಕಾದರೆ ಹೈ ಮೋಡ್‌ನಲ್ಲೇ ಇಟ್ಟು ಗಾಜಿನ ಮೇಲೆ ಟಿಶ್ಯೂ ಪೇಪರ್ ಕಟ್ಟಿ.

ಬಣ್ಣಕ್ಕೆ ಸ್ಟೇಶನರಿ ಅಂಗಡಿಯ ಜಿಲೆಟಿನ್ ಪೇಪರ್ ಸಾಕು. ಎಲ್ಲ ಬಣ್ಣಗಳೂ ಒಂದೇ ಪ್ರಮಾಣದಲ್ಲಿ ಬೆಳಕು ತಿನ್ನುವುದಿಲ್ಲ ಎಂಬುದನ್ನು ನೆನಪಿಡಿ: ಹಳದಿ ಹೆಚ್ಚುಕಡಿಮೆ ಏನನ್ನೂ ತಡೆಯುವುದಿಲ್ಲ, ಕಡುನೀಲಿ ಬಹುಪಾಲು ನುಂಗಿಬಿಡುತ್ತದೆ. ಹಳದಿಯಲ್ಲಿ ಕೈ ಎಷ್ಟು ಬೇಗ ಓಡುತ್ತದೋ ನೀಲಿಯಲ್ಲಿ ಅದರ ಕಾಲುಭಾಗದ ವೇಗಕ್ಕೆ ಇಳಿಸಬೇಕಾದೀತು. ಗೆರೆಯ ನಡುಭಾಗ ಬೆಳ್ಳಗಾಗಿ ಅಂಚಿನಲ್ಲಿ ಮಾತ್ರ ಬಣ್ಣ ಉಳಿದಿದ್ದರೆ ಓವರ್ ಆಗಿದೆ ಎಂದರ್ಥ. ಜಿಲೆಟಿನ್ ಇನ್ನೊಂದು ಪದರ ಹಾಕಿ ಅಥವಾ ಅಪರ್ಚರ್ ಒಂದು ಸ್ಟಾಪ್ ಕಿರಿದು ಮಾಡಿ. ಬಣ್ಣ ತುಂಬಿಕೊಳ್ಳುತ್ತದೆ.

ಬಂಡೆಗೆ ಬೆಳಕು ಸವರುವ ಕೆಲಸವನ್ನು ಹಂತ ಹಂತವಾಗಿ ನೋಡೋಣ, ಏಕೆಂದರೆ ಟಾರ್ಚಿನ ನಿಜವಾದ ಶಕ್ತಿ ಕಾಣುವುದು ಇಲ್ಲಿ. ಟಾರ್ಚಿನ ಮೂತಿಗೆ ಕಪ್ಪು ಚಾರ್ಟ್ ಪೇಪರ್ ಸುತ್ತಿ ಒಂದು ಗೇಣು ಉದ್ದದ ಕೊಳವೆ ಮಾಡಿ, ಬೆಳಕು ಪಕ್ಕಕ್ಕೆ ಚೆಲ್ಲದಿರಲು. ಬಂಡೆಯ ಮೇಲೆ ಬೆಳಕು ಬಿಟ್ಟು ಆಟೋಫೋಕಸ್ ಮಾಡಿ, ನಂತರ ಲೆನ್ಸನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ. ಐಎಸ್‌ಒ 200, ಎಫ್8. ಕ್ಯಾಮೆರಾ ಪಕ್ಕದಲ್ಲೇ ನಿಂತು ಬೆಳಕು ಹಾಕಬೇಡಿ, ಪಾಸ್‌ಪೋರ್ಟ್ ಫೋಟೋದಂತೆ ಚಪ್ಪಟೆಯಾಗುತ್ತದೆ. ಒಂದು ಬದಿಗೆ ಸರಿದು, ಕ್ಯಾಮೆರಾದ ನೋಟಕ್ಕೆ 60ರಿಂದ 90 ಡಿಗ್ರಿ ಕೋನದಲ್ಲಿ ಸುಮಾರು 5 ಮೀಟರ್ ದೂರ ನಿಂತು, ಮೇಲಿಂದ ಕೆಳಗೆ ಒಂದೇ ಸಮನೆ ಸವರಿ. 250 ಲೂಮೆನ್ ಟಾರ್ಚಿಗೆ ಆಳೆತ್ತರದ ಬಂಡೆಗೆ 10 ಸೆಕೆಂಡ್ ಒಳ್ಳೆಯ ಆರಂಭ. ಕೈ ನಿಲ್ಲಿಸಿದಲ್ಲಿ ಬಿಳಿ ಮಚ್ಚೆ ಬೀಳುತ್ತದೆ, ಆದ್ದರಿಂದ ಮಣಿಕಟ್ಟು ಸದಾ ಆಡುತ್ತಿರಲಿ. ಬಂಡೆಯ ಉಬ್ಬುತಗ್ಗು ಇನ್ನೂ ಕಾಣಬೇಕೆಂದರೆ ಟಾರ್ಚನ್ನು ನೆಲಮಟ್ಟಕ್ಕೆ ಇಳಿಸಿ ಮೇಲ್ಮೈಗೆ ಸವರಿದಂತೆ ಬೆಳಕು ಬಿಡಿ. ಪ್ರತಿ ಗೀರಿಗೂ ನೆರಳು ಬರುತ್ತದೆ.

ದೂರ ಇಮ್ಮಡಿಯಾದರೆ ಸಮಯ ನಾಲ್ಕು ಪಟ್ಟು ಎಂಬ ನಿಯಮವನ್ನು ಎಲ್ಲರೂ ಹೇಳುತ್ತಾರೆ. ಅದು ಒಂದೊಂದು ಜಾಗಕ್ಕೆ ಬೀಳುವ ಬೆಳಕಿನ ಮಟ್ಟಿಗೆ ನಿಜ. ಆದರೆ ದೂರ ಹೋದಂತೆ ಬೆಳಕಿನ ವೃತ್ತವೂ ದೊಡ್ಡದಾಗಿ, ಸವರಬೇಕಾದ ಜಾಗಗಳ ಸಂಖ್ಯೆ ಅಷ್ಟೇ ಕಡಿಮೆಯಾಗುತ್ತದೆ. ಇಡೀ ವೃತ್ತ ಬಂಡೆಯ ಮೇಲೇ ಬೀಳುತ್ತಿರುವವರೆಗೆ ಒಟ್ಟು ಸಮಯ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವೃತ್ತ ಬಂಡೆಯಾಚೆ ಚೆಲ್ಲತೊಡಗಿದ ಮೇಲೆ ಮಾತ್ರ ಸಮಯ ಏರುತ್ತದೆ.

ಗಾಳಿಯಲ್ಲಿ ಅಕ್ಷರ ಬರೆಯುವುದಕ್ಕೂ ಟಾರ್ಚೇ ಸರಿ, ಅದರಲ್ಲೂ ಬೆರಳ ಗಾತ್ರದ ಕೀಚೈನ್ ಟಾರ್ಚು. ಕ್ಯಾಮೆರಾ ಕಡೆ ಮುಖ ಮಾಡಿ ಬರೆದದ್ದು ಚಿತ್ರದಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಬರುತ್ತದೆ. ಎಡಿಟಿಂಗ್‌ನಲ್ಲಿ ಅಡ್ಡಕ್ಕೆ ತಿರುಗಿಸಿದರೆ ಆಯಿತು, ಆದರೆ ಹಿನ್ನೆಲೆಯಲ್ಲಿ ಅಂಗಡಿಯ ಬೋರ್ಡೋ ಗಾಡಿಯ ನಂಬರ್ ಪ್ಲೇಟೋ ಇದ್ದರೆ ಅದು ಉಲ್ಟಾ ಆಗುತ್ತದೆ. ಕನ್ನಡದ ದುಂಡಗಿನ ಅಕ್ಷರಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ, ಬಹುತೇಕ ಕೈ ಎತ್ತದೆ ಬರೆಯಬಹುದು. ಕಷ್ಟವಿರುವುದು ಒತ್ತಕ್ಷರದಲ್ಲಿ: ‘ಅಮ್ಮ’ ಎಂದು ಬರೆಯುವಾಗ ದೀಪ ಮುಚ್ಚಿ, ಕೈ ಕೆಳಗಿಳಿಸಿ, ಕತ್ತಲಲ್ಲಿ ಮ ಅಕ್ಷರದ ಬುಡ ಹುಡುಕಬೇಕು. ಎಡಗೈಯನ್ನು ಅಕ್ಷರದ ಬುಡದ ಮಟ್ಟಕ್ಕೆ ಹಿಡಿದುಕೊಂಡೇ ಬರೆಯುತ್ತಾ ಹೋದರೆ ಒತ್ತು ಎಲ್ಲೆಲ್ಲೋ ತೇಲುವುದಿಲ್ಲ.

ಎಲ್‌ಇಡಿ ಕೋಲು ಮತ್ತು ಸ್ಟ್ರಿಪ್

ಟಾರ್ಚು ಗೆರೆ ಕೊಟ್ಟರೆ ಕೋಲು ಪಟ್ಟಿ ಕೊಡುತ್ತದೆ. ಅಗಲವಾದ ಬಣ್ಣದ ಪರದೆ, ರೆಕ್ಕೆ, ಸುರುಳಿ ಬೇಕೆಂದರೆ ಇದಕ್ಕೆ ಬೇರೆ ದಾರಿಯಿಲ್ಲ. ಬ್ಯಾಟರಿ ಒಳಗೇ ಇರುವ, ಬಣ್ಣ ಬದಲಿಸಬಲ್ಲ ಸಿದ್ಧ ಆರ್‌ಜಿಬಿ ಟ್ಯೂಬು ಒಂದು ಆಯ್ಕೆ, ನೀವೇ ಸ್ಟ್ರಿಪ್ ತಂದು ಕಟ್ಟಿಕೊಳ್ಳುವುದು ಇನ್ನೊಂದು. ಬಣ್ಣ ಬದಲಿಸುತ್ತಾ ಬೀಸುವುದಷ್ಟೇ ನಿಮ್ಮ ಉದ್ದೇಶವಾದರೆ ಸಿದ್ಧ ಟ್ಯೂಬೇ ವಾಸಿ. ವಿಡಿಯೊ ಲೈಟಾಗಿಯೂ ಬಳಕೆಗೆ ಬರುತ್ತದೆ. ಕೋಲಿನಿಂದ ಚಿತ್ರವನ್ನೋ ಅಕ್ಷರವನ್ನೋ ಕಂಬ ಕಂಬವಾಗಿ ಗಾಳಿಯಲ್ಲಿ ಮೂಡಿಸಬೇಕೆಂದಿದ್ದರೆ ಮಾತ್ರ ಪ್ರತಿ ಎಲ್‌ಇಡಿಯನ್ನೂ ಬೇರೆಯಾಗಿ ನಿಯಂತ್ರಿಸಬಲ್ಲ ಸ್ಟ್ರಿಪ್ ಬೇಕು.

ಅಂಥ ಸ್ಟ್ರಿಪ್‌ಗಳಲ್ಲಿ ಎಲ್ಲೆಡೆ ಸಿಗುವುದು 5 ವೋಲ್ಟಿನ ಡಬ್ಲ್ಯೂಎಸ್2812ಬಿ. ಮೀಟರಿಗೆ 60 ಎಲ್‌ಇಡಿ ಇರುವುದನ್ನು ತೆಗೆದುಕೊಂಡರೆ, ಪೂರ್ತಿ ಬಿಳಿ ಬೆಳಕಿನಲ್ಲಿ ಒಂದೊಂದೂ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ. ಒಟ್ಟು 3.6 ಆಂಪಿಯರ್. ಸಾಮಾನ್ಯ ಪವರ್ ಬ್ಯಾಂಕಿನ 5 ವೋಲ್ಟ್ ಔಟ್‌ಪುಟ್ 2 ಆಂಪಿಯರ್ ಆಚೀಚೆ. ಫುಲ್ ಬ್ರೈಟ್‌ನೆಸ್ ಇಟ್ಟರೆ ಕೋಲಿನ ಕೊನೆಯ ಭಾಗ ಕೆಂಪಗಾಗುತ್ತದೆ ಅಥವಾ ಪವರ್ ಬ್ಯಾಂಕೇ ಆಫ್ ಆಗುತ್ತದೆ. ಸ್ಟ್ರಿಪ್ ನಡೆಸುವ ಪ್ರೋಗ್ರಾಮಿನಲ್ಲಿ ಬ್ರೈಟ್‌ನೆಸ್ ಮೂರನೇ ಒಂದು ಭಾಗಕ್ಕೆ ಇಳಿಸಿ. ಕತ್ತಲಲ್ಲಿ ಎಫ್8ಕ್ಕೂ ಅದು ಬೇಕಾದಷ್ಟಾಯಿತು.

ಎರಡನೆಯ ಸಮಸ್ಯೆ ಮತ್ತೆ ಚುಕ್ಕಿ. ಹಳೆಯ ಡಬ್ಲ್ಯೂಎಸ್2812 ಸ್ಟ್ರಿಪ್‌ಗಳು ಸೆಕೆಂಡಿಗೆ ಸುಮಾರು 400 ಸಲ ಮಿಣುಕುತ್ತವೆ. ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಓಡಿದರೆ ಪ್ರತಿ ಮಿಣುಕಿಗೆ ಕೋಲು 5 ಮಿಲಿಮೀಟರ್ ಸರಿದಿರುತ್ತದೆ, ಹಾಗಾಗಿ ಪಟ್ಟಿಯಲ್ಲಿ ಬಾಚಣಿಗೆ ಎಳೆದಂಥ ಗೆರೆಗಳು ಕಾಣುತ್ತವೆ. ಪರಿಹಾರಗಳು ಮೂರು: ನಿಧಾನ ನಡೆಯಿರಿ, ಕೋಲಿನ ಮೇಲೆ ಹಾಲುಬಣ್ಣದ ಡಿಫ್ಯೂಸರ್ ಪಟ್ಟಿ ಕೂರಿಸಿ, ಅಥವಾ ಇನ್ನೂ ವೇಗವಾಗಿ ಮಿಣುಕುವ ಎಪಿಎ102 ಸ್ಟ್ರಿಪ್ ಕೊಳ್ಳಿ. ಬೆಲೆ ಹೆಚ್ಚು, ತಂತಿಯೂ ಒಂದು ಹೆಚ್ಚು, ಆದರೆ ಚಿತ್ರ ಮೂಡಿಸುವ ಕೋಲಿಗೆ ಅದೇ ಸೂಕ್ತ. ಸಿದ್ಧ ಟ್ಯೂಬು ಕೊಳ್ಳುವವರು ಅಂಗಡಿಯಲ್ಲೇ ಮೊಬೈಲಿನಲ್ಲಿ ಅರ್ಧ ಸೆಕೆಂಡ್ ಶಟರ್ ಇಟ್ಟು, ಟ್ಯೂಬನ್ನು ಕಡಿಮೆ ಬ್ರೈಟ್‌ನೆಸ್‌ನಲ್ಲಿ ಬೀಸಿ ನೋಡಬಹುದು. ಪೆಟ್ಟಿಗೆಯ ಮೇಲೆ ಬರೆದ ‘ಫ್ಲಿಕರ್ ಫ್ರೀ’ಗಿಂತ ಆ ಒಂದು ಚಿತ್ರ ಹೆಚ್ಚು ಸತ್ಯ ಹೇಳುತ್ತದೆ.

ಕೋಲು ಬಂಡೆ ಸವರುವುದಕ್ಕೆ ಬರುವುದಿಲ್ಲ. ಬೆಳಕು ಎಲ್ಲ ಕಡೆ ಚೆಲ್ಲಿ ಹಿಡಿದವರ ಕಾಲು, ನೆಲ, ಮುಖ ಎಲ್ಲ ಬೆಳಗುತ್ತದೆ.

ಚಿಕ್ಕಪುಟ್ಟವು

ಇಎಲ್ ವೈರ್ ತೆಳುವಾದ ಹೊಳೆಯುವ ದಾರ. ಬೆಳಕು ಮಂದ, ಎಫ್4 ಐಎಸ್‌ಒ 400 ಬೇಕಾದೀತು. ಮನುಷ್ಯರ ಹತ್ತಿರ ಹೊಗೆಯಂತೆ ಸುತ್ತಲು ಮಾತ್ರ ಚೆಂದ. ಫೈಬರ್ ಆಪ್ಟಿಕ್ ಬ್ರಷ್ ಟಾರ್ಚಿನ ಮೂತಿಗೆ ಸಿಕ್ಕಿಸುವಂಥದ್ದು, ಹುಲ್ಲಿನಂಥ ನವಿರು ಗೆರೆ ಕೊಡುತ್ತದೆ. 4 ಮಿಲಿಮೀಟರ್ ಅಕ್ರಿಲಿಕ್ ಹಾಳೆಯನ್ನು ಎಲೆಯ ಆಕಾರಕ್ಕೆ ಕತ್ತರಿಸಿ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಬುಡಕ್ಕೆ ಟಾರ್ಚು ಕಟ್ಟಿದರೆ ಅಂಚು ಮಾತ್ರ ಹೊಳೆಯುತ್ತದೆ. ಬೋರ್ಡು ಮಾಡುವವರ ಬಳಿ ತುಂಡು ಅಕ್ರಿಲಿಕ್ ಕೇಳಿದರೆ ಸಿಗುತ್ತದೆ. ಈ ಮೂರರಲ್ಲಿ ಅಕ್ರಿಲಿಕ್ಕೇ ಕಾಸಿಗೆ ತಕ್ಕ ಕಜ್ಜಾಯ.

ಬೆಳಕಿನ ಗೋಳಕ್ಕೆ ಇದ್ಯಾವುದೂ ಬೇಡ, ಕೀಚೈನ್ ಟಾರ್ಚು ಮತ್ತು 70 ಸೆಂಟಿಮೀಟರ್ ದಾರ ಸಾಕು. ನೆಲದ ಮೇಲೆ ನಾಣ್ಯವೊಂದನ್ನು ಗುರುತಾಗಿ ಇಡಿ. ದಾರವನ್ನು ಸೊಂಟದ ಹತ್ತಿರ ಹಿಡಿದು ಲಂಬವಾಗಿ ತಿರುಗಿಸಿ. ಪ್ರತಿ ಸುತ್ತಿನಲ್ಲೂ ದೀಪ ಆ ನಾಣ್ಯದ ಮೇಲೇ ಹಾದುಹೋಗಬೇಕು. ತಿರುಗಿಸುತ್ತಲೇ ನಾಣ್ಯದ ಸುತ್ತ ಪುಟ್ಟ ಹೆಜ್ಜೆಗಳಲ್ಲಿ ಅರ್ಧ ಸುತ್ತು ಬನ್ನಿ. ಪೂರ್ತಿ ಸುತ್ತು ಬೇಡ, ಒಂದೊಂದು ವೃತ್ತವೂ ಎರಡೂ ಬದಿಯನ್ನು ತುಂಬುವುದರಿಂದ 180 ಡಿಗ್ರಿಗೇ ಗೋಳ ಮುಗಿಯುತ್ತದೆ. 30 ಸುತ್ತಿಗೆ 25 ಸೆಕೆಂಡ್ ಆಜೂಬಾಜು. ಗೋಳ ಮೊಟ್ಟೆಯಾದರೆ ಕೈ ಮೇಲೆ ಕೆಳಗೆ ಆಡಿದೆ, ಎರಡು ಗೋಳ ಒಂದರೊಳಗೊಂದು ಬಂದರೆ ನಾಣ್ಯ ತಪ್ಪಿದೆ.

ಬೆಂಕಿಯ ಆಯ್ಕೆಗಳು

ದೀಪಾವಳಿಯ ಸುರ್‌ಸುರ್‌ಬತ್ತಿ ಮಕ್ಕಳಿಗೂ ಗೊತ್ತಿರುವ ಲೈಟ್ ಪೇಂಟಿಂಗ್. ಐಎಸ್‌ಒ 100, ಎಫ್11. ಗೆರೆಗೆ ಜೂಲುಜೂಲಾದ ಅಂಚು ಬರುವುದು ಇದರ ಸೊಗಸು. ತೊಂದರೆ ಹೊಗೆಯದ್ದು: ಅದು ಬೆಳಕು ಹಿಡಿದು ಹಿನ್ನೆಲೆಯನ್ನು ಮಬ್ಬು ಮಾಡುತ್ತದೆ. ಗಾಳಿ ಕ್ಯಾಮೆರಾದಿಂದ ಪಕ್ಕಕ್ಕೆ ಬೀಸುವಂತೆ ನಿಲ್ಲಿ. ಉರಿದು ಮುಗಿದ ತಂತಿ ಕತ್ತಲಲ್ಲಿ ಕಾಣದಿದ್ದರೂ ಸುಡುತ್ತಿರುತ್ತದೆ, ಬಕೆಟ್ ನೀರು ಪಕ್ಕದಲ್ಲಿರಲಿ.

ಸ್ಟೀಲ್ ವೂಲ್ ಬೇರೆಯೇ ಮಟ್ಟದ ವಿಷಯ. ಕಿಡಿಗಳ ಛತ್ರಿ ತೆರೆದಂಥ ಚಿತ್ರಗಳೆಲ್ಲ ಇದರವೇ. ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ತಂದು ಬೆಂಕಿ ಹಚ್ಚಲು ಹೋಗಿ ಸೋಲುವವರು ಬಹಳ. ಅದು ಸ್ಟೇನ್‌ಲೆಸ್ ಸ್ಟೀಲಿನ ದಪ್ಪ ಎಳೆ, ಉರಿಯುವುದಿಲ್ಲ. ಬೇಕಾದ್ದು ಮರದ ಪಾಲಿಶ್ ಕೆಲಸಕ್ಕೆ ಬಳಸುವ, 0000 ನಂಬರಿನ ಕೂದಲೆಳೆಯಂಥ ಸ್ಟೀಲ್ ವೂಲ್. ಎಳೆ ಅಷ್ಟು ತೆಳುವಾಗಿರುವುದರಿಂದಲೇ ಕಬ್ಬಿಣ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಉರಿಯುತ್ತದೆ, ಬೀಸಿದಷ್ಟೂ ಗಾಳಿ ಸಿಕ್ಕು ಉರಿ ಏರುತ್ತದೆ. ಹಿಂಜಿ ಸಡಿಲ ಮಾಡಿ ಮೊಟ್ಟೆ ಕಲಕುವ ತಂತಿ ವಿಸ್ಕಿನೊಳಗೆ ತುಂಬಿ, ಒಂದು ಮೀಟರ್ ಸರಪಳಿಗೆ ಕಟ್ಟುತ್ತಾರೆ. 9 ವೋಲ್ಟ್ ಬ್ಯಾಟರಿ ಮುಟ್ಟಿಸಿದರೂ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಎರಡನ್ನೂ ಒಂದೇ ಚೀಲದಲ್ಲಿ ಇಡಬೇಡಿ. ಐಎಸ್‌ಒ 100, ಎಫ್8, 15ರಿಂದ 20 ಸೆಕೆಂಡ್. ಹತ್ತಿ ಬಟ್ಟೆ, ಟೋಪಿ, ಕನ್ನಡಕ, ಕೈಗವಸು ಕಡ್ಡಾಯ. ಕ್ಯಾಮೆರಾ ಕನಿಷ್ಠ 15 ಮೀಟರ್ ದೂರ, ಲೆನ್ಸಿಗೆ ಯುವಿ ಫಿಲ್ಟರ್: ಕಿಡಿ ಬಿದ್ದರೆ ಗಾಜಿನಲ್ಲಿ ಗುಳಿ ಬೀಳುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಅಭಿಪ್ರಾಯ: ಜನವರಿಯಿಂದ ಮೊದಲ ಮಳೆಯವರೆಗೆ ಕರ್ನಾಟಕದ ಬಯಲಿನಲ್ಲಾಗಲಿ ಮಲೆನಾಡಿನಲ್ಲಾಗಲಿ ಇದನ್ನು ಕೈಗೆತ್ತಿಕೊಳ್ಳಲೇಬೇಡಿ. ಕಾಡಂಚು, ಹುಲ್ಲುಗಾವಲು, ಹಳೆಯ ಕಟ್ಟಡ ಯಾವ ಕಾಲಕ್ಕೂ ಬೇಡ. 2016ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಪಾಯಿಂಟ್ ರೇಯಿಸ್ ಎಂಬ ದೋಣಿಯ ಹಿಂಭಾಗ ಸುಟ್ಟುಹೋಯಿತು. ಎಷ್ಟೋ ಛಾಯಾಗ್ರಾಹಕರು ಸೆರೆಹಿಡಿದಿದ್ದ ಆ ಹಳೆಯ ದೋಣಿಗೆ ಕಿಡಿ ತಗುಲಿಸಿದ್ದು ಸ್ಟೀಲ್ ವೂಲ್ ಎಂದೇ ಶಂಕಿಸಲಾಯಿತು. ಮಳೆಗಾಲದ ಒದ್ದೆ ಮರಳು, ನೀರಿನ ಅಂಚು, ಸುತ್ತ ಏನೂ ಇಲ್ಲದ ಕಾಂಕ್ರೀಟ್ ನೆಲ ಸಿಕ್ಕಿ, ಜೊತೆಗೊಬ್ಬರು ನೀರು ಹಿಡಿದು ನಿಂತಿದ್ದರೆ ಮಾತ್ರ ಯೋಚಿಸಬಹುದು.

ಕ್ಯಾಮೆರಾ ಯಾವುದು?

ಮೊಬೈಲಿನಲ್ಲಿ ಆಗುತ್ತದೆ. ಅನೇಕ ಆಂಡ್ರಾಯ್ಡ್ ಫೋನ್‌ಗಳ ಪ್ರೊ ಮೋಡ್‌ನಲ್ಲಿ ಶಟರ್ 30 ಸೆಕೆಂಡ್‌ವರೆಗೆ ಹೋಗುತ್ತದೆ. ತೊಡಕು ಶಟರ್‌ನದ್ದಲ್ಲ, ಅಪರ್ಚರಿನದ್ದು. ಬಹುತೇಕ ಫೋನ್‌ಗಳಲ್ಲಿ ಅದು ಎಫ್1.8ರ ಸುಮಾರಿಗೆ ಸ್ಥಿರವಾಗಿರುತ್ತದೆ, ಎಫ್8ಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ 20 ಪಟ್ಟು ಬೆಳಕು. ಐಎಸ್‌ಒ 50ಕ್ಕೆ ಇಳಿಸಿದರೂ ಟಾರ್ಚಿನ ಗೆರೆ ಬೆಳ್ಳಗೆ ಉಬ್ಬುತ್ತದೆ. ಆದ್ದರಿಂದ ಫೋನಿಗೆ ದೀಪವನ್ನೇ ಮಂದ ಮಾಡಬೇಕು: ಟಿಶ್ಯೂ, ಎರಡು ಪದರ ಜಿಲೆಟಿನ್, ಇಲ್ಲವೇ ಮಂದವೇ ಆದ ಇಎಲ್ ವೈರ್. ಡಿಎಸ್‌ಎಲ್‌ಆರ್‌ನಲ್ಲಿ ಸಪ್ಪೆಯೆನಿಸುವ ದೀಪಗಳೇ ಇಲ್ಲಿ ಒದಗುತ್ತವೆ. ನೈಟ್ ಮೋಡ್ ಬಳಸಬೇಡಿ. ಅದು ಹಲವು ಫ್ರೇಮ್ ಸೇರಿಸಿ ಚಿತ್ರ ಮಾಡುವುದರಿಂದ ಗೆರೆ ತುಂಡುತುಂಡಾಗಬಹುದು.

ಮ್ಯಾನ್ಯುಯಲ್ ಮತ್ತು ಬಲ್ಬ್ ಇರುವ ಯಾವ ಹಳೆಯ ಡಿಎಸ್‌ಎಲ್‌ಆರ್ ಆದರೂ ಸರಿ, ಕಿಟ್ ಲೆನ್ಸೂ ಸರಿ. ಎಫ್8ರಲ್ಲಿ ಕೆಲಸ ಮಾಡುವವರಿಗೆ ಎಫ್1.4 ಲೆನ್ಸಿನ ಹಂಗೇಕೆ? ಬಲ್ಬ್ ಮೋಡಿಗೆ ಲಾಕ್ ಆಗುವ ರಿಮೋಟ್ ಇರಲಿ.

ನಗರದಲ್ಲೇ ಹೆಚ್ಚು ತೆಗೆಯುವವರಾದರೆ ಒಲಿಂಪಸ್ ಕ್ಯಾಮೆರಾಗಳ ಲೈವ್ ಕಾಂಪೋಸಿಟ್ ಗಮನಿಸಿ. 2014ರ ಇ-ಎಂ10ನಿಂದ ಬಂದ ಸೌಲಭ್ಯ ಇದು. ಮೊದಲ ಫ್ರೇಮಿನ ಮೇಲೆ, ಆಮೇಲೆ ಹೆಚ್ಚು ಪ್ರಕಾಶಮಾನವಾದ ಜಾಗಗಳನ್ನಷ್ಟೇ ಸೇರಿಸುತ್ತಾ ಹೋಗುತ್ತದೆ. ಹತ್ತು ನಿಮಿಷ ಗೆರೆ ಎಳೆದರೂ ಆಕಾಶ ಬೆಳಗಾಗುವುದಿಲ್ಲ, ಮೂಡುತ್ತಿರುವುದು ಪರದೆಯ ಮೇಲೆ ಕಾಣುತ್ತಲೂ ಇರುತ್ತದೆ. ಬೇರೆ ಕ್ಯಾಮೆರಾದವರು 30 ಸೆಕೆಂಡಿನ ಹಲವು ಚಿತ್ರ ತೆಗೆದು ಎಡಿಟಿಂಗ್‌ನಲ್ಲಿ ಲೈಟನ್ ಮೋಡ್‌ನಲ್ಲಿ ಒಂದರ ಮೇಲೊಂದು ಇಟ್ಟು ಇದೇ ಫಲ ಪಡೆಯಬಹುದು. ಟ್ರೈಪಾಡ್ ಒಂದು ಕೂದಲೆಳೆಯೂ ಸರಿಯಬಾರದು ಅಷ್ಟೆ.

ಕೆಟ್ಟರೆ ಎಲ್ಲಿ ಹುಡುಕಬೇಕು

ನೀವೇ ಚಿತ್ರದಲ್ಲಿ ನೆರಳಿನಂತೆ ಕಂಡರೆ ಬಟ್ಟೆ ತಿಳಿಬಣ್ಣದ್ದು ಅಥವಾ ನಿಂತಲ್ಲೇ ನಿಂತಿದ್ದೀರಿ. ಶೂಗಳ ರಿಫ್ಲೆಕ್ಟರ್ ಪಟ್ಟಿ, ಸ್ಮಾರ್ಟ್ ವಾಚಿನ ಪರದೆ ಕೂಡ ಗೆರೆ ಎಳೆಯುತ್ತವೆ. ಎಲ್ಲವೂ ಜೋಡಿಯಾಗಿ ಅಲುಗಿದ್ದರೆ ಲೆನ್ಸಿನ ಸ್ಟೆಬಿಲೈಸೇಶನ್ (ಕೈ ಅಲುಗಾಟ ಸರಿದೂಗಿಸುವ ಸೌಲಭ್ಯ) ಆಫ್ ಮಾಡಿಲ್ಲ, ಅಥವಾ ಟ್ರೈಪಾಡ್ ಕಾಲು ಗದ್ದೆಯ ಮೆತ್ತನೆ ಮಣ್ಣಿನಲ್ಲಿದೆ. ಡಿಎಸ್‌ಎಲ್‌ಆರ್‌ನಲ್ಲಿ ಕಾರಣವಿಲ್ಲದೆ ಮಂಕು ಪಟ್ಟೆ ಬಂದರೆ ಹಿಂದಿನಿಂದ ವ್ಯೂಫೈಂಡರಿನೊಳಗೆ ಬೆಳಕು ನುಗ್ಗಿದೆ, ಕಪ್ಪು ಬಟ್ಟೆ ಮುಚ್ಚಿ. ಮಳೆಗಾಲದಲ್ಲಿ ಟಾರ್ಚಿಗೆ ಮುತ್ತುವ ಹುಳಗಳು ಸಣ್ಣ ಸುರುಳಿ ಗೆರೆಗಳಾಗಿ ದಾಖಲಾಗುತ್ತವೆ. ಡಿಸೆಂಬರಿನ ಮಲೆನಾಡಿನಲ್ಲಿ ಎರಡನೇ ಗಂಟೆಗೆ ಎಲ್ಲ ಮಬ್ಬಾದರೆ ಫೋಕಸ್ ದೂರಬೇಡಿ, ಲೆನ್ಸಿನ ಮೇಲೆ ಇಬ್ಬನಿ ಕೂತಿರುತ್ತದೆ.

ಎರಡು ನಿಮಿಷದ ಚಿತ್ರದ ನಂತರ ಕ್ಯಾಮೆರಾ ಇನ್ನೆರಡು ನಿಮಿಷ ‘ಬ್ಯುಸಿ’ ತೋರಿಸಿದರೆ ಕೆಟ್ಟಿದೆ ಎಂದುಕೊಂಡು ಬ್ಯಾಟರಿ ಕೀಳಬೇಡಿ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಇದ್ದಾಗ ಅದು ಅಷ್ಟೇ ಹೊತ್ತಿನ ಇನ್ನೊಂದು ಕಪ್ಪು ಫ್ರೇಮ್ ತೆಗೆದು, ಬೆಳಕಿಲ್ಲದೆಯೂ ಚುಕ್ಕಿಯಾಗಿ ಹೊಳೆಯುವ ಬಿಸಿ ಪಿಕ್ಸೆಲ್‌ಗಳನ್ನು ಕಳೆಯುತ್ತಿರುತ್ತದೆ. ಸೆಟ್ಟಿಂಗ್ ಹೊಂದಿಸುವ ಹಂತದಲ್ಲಿ ಅದನ್ನು ಆಫ್ ಇಟ್ಟು, ಎಲ್ಲ ಕೂಡಿಬಂದ ಮೇಲೆ ಕೊನೆಯ ಚಿತ್ರಕ್ಕೆ ಮಾತ್ರ ಆನ್ ಮಾಡಿ.